ದದ್ದು ನನ್ನದು, ತಿಗಣೆ ಯಾರದು?

ಮಲಗುವುದನ್ನೇ ಉದ್ಯೋಗ ಮಾಡಿಕೊಂಡವರನ್ನು ನಾನು ಕಚೇರಿಗಳಲ್ಲಿ ಬೇಕಾದಷ್ಟು ನೋಡಿದ್ದೇನೆ. ಆದರೆ ಮಲಗಿದ್ದಕ್ಕಾಗಿಯೇ ಬೆನ್ನು ತಟ್ಟಿಸಿಕೊಂಡವನು ನಮ್ಮ ಬೀದಿಯಲ್ಲಿ ಒಬ್ಬನೇ. ಅವನು ಎದುರಿನ ಹಾಸಿಗೆ ಅಂಗಡಿಯ ಪೌಡರಣ್ಣ.

ನನ್ನದು ಗಡಿಯಾರ ರಿಪೇರಿ ಅಂಗಡಿ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತವನಿಗೆ ಬೀದಿಯ ಸಮಾಚಾರ ತಿಳಿಯುವುದಿಲ್ಲ ಎಂದು ಜನ ಭಾವಿಸಿದ್ದಾರೆ. ಅದು ಅವರ ತಪ್ಪು. ಭೂತಗನ್ನಡಿ ಇರುವುದು ಒಂದು ಕಣ್ಣಿಗೆ; ಇನ್ನೊಂದು ಕಣ್ಣು ಖಾಲಿಯೇ. ಆ ಖಾಲಿ ಕಣ್ಣಿಗೆ ನೇರ ಎದುರಾಗಿ ಹಾಸಿಗೆ ಅಂಗಡಿಯ ದೊಡ್ಡ ಗಾಜು, ಗಾಜಿನ ಹಿಂದೆ ಒಂದು ಮಂಚ, ಮಂಚದ ಮೇಲೆ ಅಂಗಡಿಯ ಅತ್ಯುತ್ತಮ ಹಾಸಿಗೆ. ಅಲ್ಲಿಯ ಪದ್ಧತಿ ಏನೆಂದರೆ, ಆ ಹಾಸಿಗೆಯ ಮೇಲೆ ಯಾವಾಗಲೂ ಒಬ್ಬ ಮನುಷ್ಯ ಮಲಗಿರಬೇಕು. ಹಾಸಿಗೆಯನ್ನು ಕೈಯಿಂದ ಒತ್ತಿ ನೋಡಿದರೆ ಏನೂ ತಿಳಿಯುವುದಿಲ್ಲ, ಮಲಗಿದವನ ಮುಖ ನೋಡಿದರೆ ಎಲ್ಲಾ ತಿಳಿಯುತ್ತದೆ ಎಂಬುದು ಯಜಮಾನರ ಸಿದ್ಧಾಂತ. ಅಂಗಾತ, ಮಗ್ಗುಲಿಗೆ, ಬೋರಲು, ಹೇಗೆ ಮಲಗಿದರೂ ಮುಖದಲ್ಲಿ ತೃಪ್ತಿ ಇರಬೇಕು. ನಿದ್ದೆ ಮಾತ್ರ ಮಾಡಕೂಡದು. ಗಿರಾಕಿ ಏನಾದರೂ ಕೇಳಿದರೆ ಉತ್ತರ ಹೇಳುವವರು ಯಾರು?

ಈ ವಿದ್ಯೆಯಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಅವನು ಎಡಮಗ್ಗುಲಿಗೆ ಹೊರಳಿದರೆ ಬೀದಿಯಲ್ಲಿ ಹೋಗುವವರಿಗೆ ಆಕಳಿಕೆ ಬರುತ್ತಿತ್ತು. ಅಂಥವನ ಮೈಮೇಲೆ ಸೋರಿಯಾಸಿಸ್ ಕಾಣಿಸಿಕೊಂಡಿತು. ಮೊಣಕೈ, ಮೊಣಕಾಲು, ಬೆನ್ನು, ನೆತ್ತಿ, ಎಲ್ಲಾ ಕಡೆ ಕೆಂಪು ಚಕ್ಕೆ. ಚಕ್ಕೆಯ ಮೇಲಿಂದ ಬೆಳ್ಳಗೆ ಉದುರುವ ಹೊಟ್ಟು. ಇದು ಒಬ್ಬರಿಂದ ಒಬ್ಬರಿಗೆ ಹರಡುವ ಕಾಯಿಲೆಯಲ್ಲ ಎಂದು ಡಾಕ್ಟರು ಯಜಮಾನರಿಗೆ ಫೋನಿನಲ್ಲೇ ಹೇಳಿದರು. ಯಜಮಾನರು ಗಂಭೀರವಾಗಿ ಕೇಳಿಸಿಕೊಂಡು, "ಹರಡಲ್ಲ ಸರಿ ಡಾಕ್ಟ್ರೇ, ಉದುರುತ್ತಲ್ಲ!" ಎಂದರು. ಆ ವರ್ಷ ಕಪ್ಪು ಬಟ್ಟೆಯ ಹಾಸಿಗೆಗಳ ಷೋಕಿ ಬಂದಿತ್ತು. ಹೀಗಾಗಿ ಅವನು ಗಾಜಿನ ಹಿಂದಿನಿಂದ ಗೋಡೌನಿಗೆ ಹೋದ. ಪೌಡರಣ್ಣ ಎಂಬ ಹೆಸರು ಹುಟ್ಟಿದ್ದೂ ಆಗಲೇ.

ಗೋಡೌನಿಗೆ ಕಿಟಕಿಯಿಲ್ಲ. ಸುತ್ತಿಟ್ಟ ಹಾಸಿಗೆಗಳು, ಒಂದು ಬಲ್ಬು, ಧೂಳು. ಅಲ್ಲಿ ಅವನು ವರ್ಷಗಟ್ಟಲೆ ಹಾಸಿಗೆ ಎತ್ತಿದ, ಇಳಿಸಿದ. ನನಗೆ ಅದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ತಮಾಷೆ ಏನು ಗೊತ್ತೇ? ಊರಿಗೆಲ್ಲ ನಿದ್ದೆ ಮಾರುವ ಅಂಗಡಿಯ ಆ ಮನುಷ್ಯನಿಗೆ ಮನೆಯಲ್ಲಿ ನಿದ್ದೆಯೇ ಇರಲಿಲ್ಲ. ತುರಿಕೆ. ಮುಲಾಮು ಹಚ್ಚಿದ, ಮಾತ್ರೆ ನುಂಗಿದ, ನೆಂಟರು ಹೇಳಿದ ಸೊಪ್ಪು ಸದೆಯನ್ನೆಲ್ಲ ಅರೆದು ಬಳಿದುಕೊಂಡ. ಮೈ ಹಸಿರಾಯಿತೇ ಹೊರತು ನಿದ್ದೆ ಬರಲಿಲ್ಲ.

ಕೊನೆಗೆ ಚರ್ಮದ ಡಾಕ್ಟರಮ್ಮ ಒಬ್ಬರು ಬಯಾಲಾಜಿಕ್ ಎಂಬ ಬಗೆಯ ಇಂಜೆಕ್ಷನ್ ಬರೆದುಕೊಟ್ಟರು. ನೋಡಲು ದಪ್ಪ ಪೆನ್ನಿನ ಹಾಗೆ. ಫ್ರಿಜ್ಜಿನಲ್ಲಿ ಇಟ್ಟುಕೊಂಡು ವಾರಕ್ಕೊಮ್ಮೆ ಹೊಟ್ಟೆಗೋ ತೊಡೆಗೋ ತಾನೇ ಚುಚ್ಚಿಕೊಳ್ಳಬೇಕು. ಅವರು ವಿವರವಾಗಿ ಹೇಳುತ್ತಾ ಹೋದರು, ಇವನು ತಲೆಯಾಡಿಸುತ್ತಾ ಹೋದ. ತಲೆಯಾಡಿಸುವುದನ್ನು ಅವನು ಯಜಮಾನರ ಹತ್ತಿರ ಚೆನ್ನಾಗಿ ಕಲಿತಿದ್ದ. ತಲೆಯಾಡಿಸುವಾಗ ಕೇಳಿಸಿಕೊಳ್ಳುವುದನ್ನು ಮಾತ್ರ ಯಾರೂ ಕಲಿಸಿರಲಿಲ್ಲ.

ಕೆಲವು ತಿಂಗಳಲ್ಲಿ ಮೈ ತಿಳಿಯಾಯಿತು. ಮೊದಲು ಮೊಣಕೈ, ಆಮೇಲೆ ಬೆನ್ನು, ಕೊನೆಗೆ ಹಟಮಾರಿ ಮೊಣಕಾಲು. ಒಂದು ಬೆಳಿಗ್ಗೆ ಅವನು ಅರ್ಧ ತೋಳಿನ ಹೊಸ ಅಂಗಿ ತೊಟ್ಟು ಬೀದಿಗೆ ಬಂದ. ವರ್ಷಗಳಿಂದ ಸೆಖೆಯಲ್ಲೂ ಮಣಿಕಟ್ಟಿನವರೆಗೆ ಗುಂಡಿ ಹಾಕಿಕೊಳ್ಳುತ್ತಿದ್ದವನ ಕೈ ನೋಡಿ ನನ್ನ ಕೈಯಲ್ಲಿದ್ದ ಚಿಮಟಿ ಕೆಳಗೆ ಬಿತ್ತು. ಯಜಮಾನರು ಅವನನ್ನು ಕಪ್ಪು ಹಾಸಿಗೆಯ ಮೇಲೆ ಅತ್ತಿತ್ತ ಉರುಳಾಡಿಸಿ, ಬಟ್ಟೆಯ ಮೇಲೆ ಬೆರಳಾಡಿಸಿ, ಬೆರಳನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿದರು. ಏನೂ ಇರಲಿಲ್ಲ.

"ಏನು ಮಾಡಿದ್ಯೋ?" ಎಂದು ಬೆರಗಿನಿಂದ ಕೇಳಿದರು.

ಇಲ್ಲಿ ನಮ್ಮ ಪೌಡರಣ್ಣ ನಿಜ ಹೇಳಿಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವನು ಎದೆ ಸೆಟೆಸಿ, "ತಣ್ಣೀರು ಸ್ನಾನ ಯಜಮಾನರೇ. ಸ್ನಾನ ಮತ್ತು ಮನೋಬಲ," ಎಂದ.

ಯಾಕಪ್ಪಾ ಹಾಗಂದೆ ಎಂದು ನಾನು ಆಮೇಲೆ ಕೇಳಿದೆ. ನನ್ನ ಹತ್ತಿರ ಅವನು ಏನನ್ನೂ ಮುಚ್ಚಿಡುವವನಲ್ಲ. "ಇಂಜೆಕ್ಷನ್ ಅಂದ್ರೆ ರೋಗಿ ಅಂತಾರೆ ಗಡಿಯಾರದೋರೇ. ಮನೋಬಲ ಅಂದ್ರೆ ಮರ್ಯಾದೆ ಕೊಡ್ತಾರೆ. ನಿಮ್ಮ ಬಾಯಿಂದ ಹೊರಗೆ ಬೀಳಬಾರದು, ಆಯ್ತಾ?" ಎಂದ. ಸರಿ ಎಂದೆ. ಬಾಯಿ ಮುಚ್ಚಿಕೊಂಡಿರುವುದು ನನ್ನ ಕಸುಬಿಗೆ ಒಗ್ಗಿದ ಗುಣ. ಬಾಯಿ ತೆರೆದು ಉಸಿರು ಬಿಟ್ಟರೆ ಸಣ್ಣ ಸ್ಕ್ರೂಗಳು ಹಾರಿಹೋಗುತ್ತವೆ.

ಮರ್ಯಾದೆ ಬಂದದ್ದು ನಿಜ. ಅವತ್ತೇ ಅವನು ಗೋಡೌನಿನಿಂದ ಮತ್ತೆ ಗಾಜಿನ ಹಿಂದಿನ ಮಂಚಕ್ಕೆ ಬಂದ. ಅವನ ಮನೆಯ ಕೆಳಗಿನ ಅಂತಸ್ತಿನಲ್ಲಿ ಒಬ್ಬ ನಿವೃತ್ತ ಪೋಸ್ಟ್‌ಮಾಸ್ಟರು ಇದ್ದರು. ಕೆಲಸವಿಲ್ಲದ್ದರಿಂದ ಬೀದಿಯ ಸುದ್ದಿಗಳ ಬಟವಾಡೆಯನ್ನು ಸ್ವಯಂಪ್ರೇರಣೆಯಿಂದ ವಹಿಸಿಕೊಂಡಿದ್ದರು. ಅವರು ತಣ್ಣೀರಿನ ಸುದ್ದಿಯನ್ನು ಮನೆಮನೆಗೆ ತಲುಪಿಸಿದರು. ತಾವೂ ಶುರುಮಾಡಿದರು. ಯಜಮಾನರು ಶುರುಮಾಡಿದರು. ಇಸ್ತ್ರಿಯವನು ಶುರುಮಾಡಿದ. ಬೆಳಗಿನ ಹೊತ್ತು ನಮ್ಮ ಬೀದಿಯ ಬಚ್ಚಲುಗಳಿಂದ ಬರುತ್ತಿದ್ದ "ಅಯ್ಯಯ್ಯೋ" ಎಂಬ ಸದ್ದಿಗೆ ನಾಯಿಗಳು ಗಾಬರಿಯಾಗುತ್ತಿದ್ದವು. ಸ್ವಲ್ಪ ದಿನದಲ್ಲೇ ಬೀದಿಯ ತುಂಬಾ ಸೀನು. ಯಜಮಾನರಿಗಂತೂ ಮೂಗು ಸೋರಿ ಸೋರಿ, ಹಾಸಿಗೆಯ ಗುಣಗಾನ ಮಾಡುವಾಗ ಗಿರಾಕಿಗೆ ಅರ್ಧ ಮಾತು ತಿಳಿಯುತ್ತಿರಲಿಲ್ಲ. ಆದರೂ ಮೂಗು ಒರೆಸಿಕೊಂಡು, "ಮನೋಬಲ, ಮನೋಬಲ" ಎನ್ನುತ್ತಿದ್ದರು. ಮನೋಬಲದ ಕುಲಗುರು ಮಾತ್ರ ಮನೆಯಲ್ಲಿ ಹದವಾದ ಬಿಸಿನೀರಿನಲ್ಲಿ ಮೀಯುತ್ತಿದ್ದ.

ಎಡವಟ್ಟಾದದ್ದು ಹೊಟ್ಟೆಯ ಮೇಲೆ.

ಇಂಜೆಕ್ಷನ್ ಚುಚ್ಚಿದ ಜಾಗ ಒಮ್ಮೊಮ್ಮೆ ಕೆಂಪಾಗಿ, ಊದಿ, ನವೆಯಾಗಬಹುದು ಎಂದು ಡಾಕ್ಟರಮ್ಮ ಹೇಳಿದ್ದರು. ಅದಕ್ಕೇ ಪೆನ್ನನ್ನು ಫ್ರಿಜ್ಜಿನಿಂದ ತೆಗೆದು ಸ್ವಲ್ಪ ಹೊತ್ತು ಹೊರಗಿಟ್ಟು, ತಣುಪು ಕಳೆದ ಮೇಲೆ ಚುಚ್ಚಿಕೊಳ್ಳಿ, ಪ್ರತಿಸಲವೂ ಜಾಗ ಬದಲಿಸಿ ಎಂದಿದ್ದರು. ಇವನು ತಲೆಯಾಡಿಸುವ ಭರದಲ್ಲಿ 'ಜಾಗ ಬದಲಿಸಿ' ಎಂಬ ಎರಡು ಶಬ್ದ ಮಾತ್ರ ಹಿಡಿದುಕೊಂಡಿದ್ದ. ಹಾಸಿಗೆಯವನು ನೋಡಿ! ಹಾಸಿಗೆಯೊಳಗಿನ ಹತ್ತಿ ಸರಿದಾಡದಿರಲಿ ಎಂದು ಮೇಲೆ ಸಮ ಅಂತರದಲ್ಲಿ ಗುಂಡಿ ಹೊಲಿಯುತ್ತಾರಲ್ಲ, ಅದೇ ಲೆಕ್ಕದಲ್ಲಿ ಹೊಕ್ಕುಳಿನ ಪಕ್ಕದಿಂದ ಶುರುಮಾಡಿ ಒಂದು ನೇರ ಸಾಲು ಹಿಡಿದ. ಅದೂ ಫ್ರಿಜ್ಜಿನಿಂದ ತೆಗೆದ ಗಳಿಗೆಯಲ್ಲೇ, ಕಣ್ಣುಮುಚ್ಚಿ, ಚಕ್ಕನೆ. ಹೊಸ ಜಾಗ ಕೆಂಪಾದಾಗ ಹಿಂದಿನ ಜಾಗಗಳೂ ಹಳೆಯದೆಲ್ಲ ನೆನಪಾದವರಂತೆ ಕೆಂಪೇರಿ ಎದ್ದವು. ಹೊಟ್ಟೆಯ ಮೇಲೆ ಗುಂಡು ಗುಂಡಾದ ದದ್ದುಗಳ ಅಚ್ಚುಕಟ್ಟಾದ ಸಾಲು. ಹೊಲಿಗೆಯ ದೃಷ್ಟಿಯಿಂದ ಅದರಲ್ಲಿ ಒಂದು ಕುಂದಿರಲಿಲ್ಲ.

ಗಾಜಿನ ಹಿಂದೆ ಬೋರಲು ಮಲಗಿದರೆ ನವೆ, ಅಂಗಾತ ಮಲಗಿದರೆ ನವೆ. ಅವನು ತೃಪ್ತಿಯ ಮುಖ ಹೊತ್ತುಕೊಂಡೇ ಗುಟ್ಟಾಗಿ ಹೊಟ್ಟೆ ಕೆರೆದುಕೊಳ್ಳತೊಡಗಿದ. ಹೊಸ ಅಂಗಿ ಬೇರೆ ಗಿಡ್ಡ. ಒಂದು ದಿನ ಸರಕ್ಕನೆ ಮೇಲೆ ಸರಿಯಿತು. ಸರಿದ ಹೊತ್ತಿಗೇ ಗಾಜಿನ ಆಚೆ ಪೋಸ್ಟ್‌ಮಾಸ್ಟರು ನಿಂತಿದ್ದರು. ಅವರು ಕನ್ನಡಕ ಏರಿಸಿ, ಬಗ್ಗಿ, ಮೂಗನ್ನು ಗಾಜಿಗೆ ಒತ್ತಿ ನೋಡಿದರು. ಆಮೇಲೆ ಸೀನಿದರು. ಸೀನು ಮುಗಿದ ಮೇಲೆ ನನ್ನ ಅಂಗಡಿಗೆ ಓಡಿಬಂದರು.

"ನೋಡಿದ್ರಾ? ಸಾಲಾಗಿ ಕಚ್ಚಿದೆ! ಸೊಳ್ಳೆ ಎಲ್ಲಂದ್ರಲ್ಲಿ ಕಚ್ಚುತ್ತೆ. ಸಾಲು ಹಿಡಿದು ಕಚ್ಚೋದು ಯಾವುದು ಹೇಳಿ?"

"ಯಾವುದು?"

"ತಿಗಣೆ! ಹಾಸಿಗೆ ಅಂಗಡೀಲಿ ತಿಗಣೆ!"

ಅಲ್ಲಿಂದ ಹೊರಟ ಬಟವಾಡೆಯನ್ನು ನಾನು ವರ್ಣಿಸಲಾರೆ. ಸಂಜೆಯೊಳಗೆ ಆ ಅಂಗಡಿಯಿಂದ ದಿಂಬು ಕೊಂಡವರು ಕೂಡ ದಿಂಬುಗಳನ್ನು ಬೀದಿಗೆ ತಂದು ಕೋಲಿನಿಂದ ಬಡಿಯುತ್ತಿದ್ದರು. ಪೋಸ್ಟ್‌ಮಾಸ್ಟರು ಆರೋಗ್ಯ ಇಲಾಖೆಗೂ ಒಂದು ಫೋನು ಮಾಡಿದರು. ಕರ್ತವ್ಯ ನೋಡಿ.

ಪೌಡರಣ್ಣ ಮನೆಗೆ ಹೋದರೆ ಮೆಟ್ಟಿಲ ಮೇಲೆ ಅವನ ಷಡ್ಡಕ ಕೂತಿದ್ದ. ಎಂದರೆ ಅವನ ಹೆಂಡತಿಯ ತಂಗಿಯ ಗಂಡ. ಆತನ ವೃತ್ತಿಯೇ ಮನೆಮನೆಗೆ ಹೋಗಿ ಜಿರಳೆ, ತಿಗಣೆಗಳಿಗೆ ಔಷಧಿ ಹೊಡೆಯುವುದು. ಬೆನ್ನಿಗೆ ಟ್ಯಾಂಕು, ಕೈಯಲ್ಲಿ ಕೊಳವೆ, ಮುಖದಲ್ಲಿ ಹಲವು ವರ್ಷಗಳಿಂದ ಕಾದಿದ್ದ ಸಂತೋಷ.

"ಅಣ್ಣಾ, ನಮ್ಮ ಕುಟುಂಬದಲ್ಲೇ ಹೀಗಾದ್ರೆ ನಾಳೆ ನನ್ನನ್ನ ಯಾರು ಕರೀತಾರೆ? ಬಾಗಿಲು ತೆಗೀರಿ. ನೆಂಟಸ್ತಿಕೆಗೆ ಪುಕ್ಕಟೆ ಹೊಡೀತೀನಿ."

"ತಿಗಣೆ ಇಲ್ಲ ಮಾರಾಯ."

"ಇರೋರೆಲ್ಲ ಮೊದಲು ಹಾಗೇ ಹೇಳ್ತಾರೆ."

ಒಳಗಿನಿಂದ ಹೆಂಡತಿ ಬಂದಳು. ಅವಳಿಗೆ ಎಲ್ಲ ಗೊತ್ತು. ಗಂಡನನ್ನು ಬಾಗಿಲ ಹಿಂದಕ್ಕೆ ಎಳೆದು, "ರೀ, ಇಂಜೆಕ್ಷನ್ ಅಂತ ಒಂದು ಮಾತು ಹೇಳಿಬಿಡಿ, ಮುಗಿದುಹೋಗುತ್ತೆ," ಎಂದಳು.

"ಹೇಳಿದ್ರೆ ತಣ್ಣೀರಿನ ವಿಷಯ ಬರುತ್ತೆ ಕಣೇ."

"ಬರಲಿ. ಬಿಸಿನೀರು ಕಾಯಿಸಿಕೊಡೋಳು ನಾನು. ನನಗಿಲ್ಲದ ನಾಚಿಕೆ ನಿಮಗ್ಯಾಕೆ?"

ಅವನು ಹೇಳಲಿಲ್ಲ. ಷಡ್ಡಕ ಮನೆಯನ್ನೆಲ್ಲ ತೋಯಿಸಿದ. ಮಂಚ ಮಗುಚಿದ, ಕುರ್ಚಿ ಮಗುಚಿದ, ಫ್ರಿಜ್ಜಿನ ಹಿಂದೆ ಹೊಡೆಯಲು ಅದರ ಪ್ಲಗ್ಗು ಕಿತ್ತ. ಹೆಂಡತಿ ಕಿರುಚಿಕೊಂಡು ಓಡಿ, ಔಷಧಿಯ ಪೆನ್ನನ್ನು ಐಸಿನ ಡಬ್ಬಿಗೆ ಸೇರಿಸಿ ಎದೆಗವಚಿಕೊಂಡಳು. "ಅತ್ತಿಗೆ, ಅದರಲ್ಲಿ ಏನಿದೆ?" ಎಂದು ಕೇಳಿದ ಷಡ್ಡಕನಿಗೆ, "ನಿಮ್ಮಣ್ಣನ ಮನೋಬಲ," ಎಂದಳು.

ಡಾಕ್ಟರಮ್ಮನಿಗೆ ಅವಳೇ ಫೋನು ಮಾಡಿ ಗಂಡನ ಕಿವಿಗೆ ಹಿಡಿದಳು. ಮಾತುಕತೆಯನ್ನು ಅವನು ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತಾ ನನಗೆ ಹೇಳಿದ. ಮೈಯೆಲ್ಲ ದದ್ದೆದ್ದಿದೆಯೇ, ಮುಖ ಊದಿದೆಯೇ, ಉಸಿರು ಕಟ್ಟುತ್ತಿದೆಯೇ, ಜ್ವರ ಇದೆಯೇ ಎಂದು ಅವರು ಕೇಳಿದರಂತೆ. ಇಲ್ಲ, ಬರೀ ಹೊಟ್ಟೆ ಎಂದನಂತೆ. "ಇವು ಯಾವುದಾದ್ರೂ ಬಂದ್ರೆ ತಕ್ಷಣ ಓಡಿ ಬರಬೇಕು. ಬರೀ ಚುಚ್ಚಿದ ಜಾಗದಲ್ಲಿ ಅಂದ್ರೆ ಹೆದರಬೇಡಿ, ಔಷಧಿ ನಿಲ್ಲಿಸೋ ಕಾರಣ ಇಲ್ಲ. ಅಲ್ರೀ, ಜಾಗ ಬದಲಿಸಿ ಅಂದ್ರೆ ಹೊಟ್ಟೆ ಮೇಲೆ ಹಾಸಿಗೆ ಹೊಲೀರಿ ಅಂತ ಅರ್ಥನಾ?" ಎಂದು ಬೈದರಂತೆ. ಬೈಸಿಕೊಂಡವನ ಮುಖದಲ್ಲಿ ಬೇಸರವಿರಲಿಲ್ಲ. ನಿಲ್ಲಿಸುವ ಕಾರಣ ಇಲ್ಲ ಎಂಬ ಮಾತನ್ನು ಮತ್ತೆ ಮತ್ತೆ ಹೇಳಿಕೊಂಡ.

ಚಹಾದ ಲೋಟ ಕೆಳಗಿಡುವಷ್ಟರಲ್ಲಿ ಹಾಸಿಗೆ ಅಂಗಡಿಯ ಮುಂದೆ ಆರೋಗ್ಯ ಇಲಾಖೆಯ ಜೀಪು ನಿಂತಿತು.

ಇನ್‌ಸ್ಪೆಕ್ಟರು ತೆಳ್ಳಗಿನ ಮನುಷ್ಯ. ಎಲ್ಲದರಿಂದ ಒಂದು ಮಾರು ದೂರ ನಿಂತು ಮಾತಾಡುವ ಅಭ್ಯಾಸ. ಹಿಂದೆಯೇ ಪೋಸ್ಟ್‌ಮಾಸ್ಟರು, ಅವರ ಹಿಂದೆ ಟ್ಯಾಂಕು ಹೊತ್ತ ಷಡ್ಡಕ, ಅವನ ಹಿಂದೆ ಬೀದಿಯ ಜನ. ನಾನೂ ಅಂಗಡಿ ಬಿಟ್ಟು ಹೋದೆ. ಬಿಟ್ಟುಹೋದರೆ ನಷ್ಟವಿಲ್ಲ, ನನ್ನ ಅಂಗಡಿಯಲ್ಲಿರುವ ಗಡಿಯಾರಗಳು ಹೇಗೂ ಓಡುವುದಿಲ್ಲ.

"ತಿಗಣೆ ಇರೋದು ಖಚಿತವಾದ್ರೆ ಅಂಗಡಿ ಮುಚ್ಚಿಸಬೇಕಾಗುತ್ತೆ. ಹಾಸಿಗೆ ಎಲ್ಲಾ ಹೊರಗೆ," ಎಂದರು ಇನ್‌ಸ್ಪೆಕ್ಟರು.

ಯಜಮಾನರು ಸೀನಿದರು. ಆಮೇಲೆ ಬೆರಳೆತ್ತಿ ಪೌಡರಣ್ಣನನ್ನು ತೋರಿಸಿದರು. "ಅಂಗಡೀಲಿ ಏನೂ ಇಲ್ಲ ಸಾಹೇಬ್ರೇ. ಇವನೇ ಮನೆಯಿಂದ ತಂದಿದ್ದಾನೆ. ಇವತ್ತೇ ಗೋಡೌನಿಗೆ ಹಾಕ್ತೀನಿ. ಇನ್ನು ಈ ಜನ್ಮದಲ್ಲಿ ಗಾಜಿನ ಹತ್ತಿರ ಬರಲ್ಲ."

ಗೋಡೌನು ಎಂಬ ಶಬ್ದ ಕೇಳಿದ್ದೇ ತಡ, ಪೌಡರಣ್ಣನ ಮುಖದ ಬಣ್ಣ ಬದಲಾಯಿತು. ನಾನು ಅವನನ್ನು ಇಷ್ಟು ವರ್ಷ ನೋಡಿದ್ದೇನೆ, ಆ ಮುಖ ನೋಡಿರಲಿಲ್ಲ.

"ತಿಗಣೆ ಇಲ್ಲ," ಎಂದ. "ಇದು ಇಂಜೆಕ್ಷನ್. ಸೋರಿಯಾಸಿಸ್‌ಗೆ ಹಾಕ್ಕೊಳ್ತಿರೋದು. ಚುಚ್ಚಿದ ಕಡೆ ದದ್ದು ಏಳುತ್ತೆ. ಅಷ್ಟೇ."

ಮೊದಲು ಬಾಯಿಬಿಟ್ಟವರು ಪೋಸ್ಟ್‌ಮಾಸ್ಟರು. "ಇಂಜೆಕ್ಷನ್ನಾ? ಹಾಗಾದ್ರೆ... ತಣ್ಣೀರು?"

"ತಣ್ಣೀರು ಸುಳ್ಳು."

ನೀವು ನಂಬುವುದಿಲ್ಲ, ತಿಗಣೆಗಾಗಿ ಸೇರಿದ್ದ ಜನ ತಿಗಣೆಯನ್ನು ಮರೆತೇಬಿಟ್ಟರು. "ಚಳಿಯಲ್ಲಿ ನಡುಗಿಕೊಂಡು ಮಿಂದೆನಲ್ಲೋ!" ಎಂದು ಇಸ್ತ್ರಿಯವನು ಕೂಗಿದ. "ನನ್ನ ವಯಸ್ಸಿಗಾದರೂ ಬೆಲೆ ಬೇಡವೇನಯ್ಯಾ?" ಎಂದು ಪೋಸ್ಟ್‌ಮಾಸ್ಟರು ಮೂಗೊರೆಸಿಕೊಂಡರು. ಯಜಮಾನರಂತೂ ಏನೋ ಹೇಳಹೊರಟು, ಸೀನಿ, ಇನ್ನೊಮ್ಮೆ ಹೊರಟು, ಇನ್ನೊಮ್ಮೆ ಸೀನಿ, ಕೈಸನ್ನೆಯಲ್ಲೇ ಬೈದರು. ಇನ್‌ಸ್ಪೆಕ್ಟರು ಒಬ್ಬರೇ ಸ್ನಾನದ ಇತಿಹಾಸ ಗೊತ್ತಿಲ್ಲದೆ ಎಲ್ಲರ ಮುಖ ನೋಡುತ್ತಿದ್ದರು.

ಆ ಗದ್ದಲದ ನಡುವೆ ಹೆಂಡತಿ ಐಸಿನ ಡಬ್ಬಿ ಹಿಡಿದು ಬಂದಳು. ಮನೆಯಲ್ಲಿ ತಿಗಣೆ ಔಷಧಿಯ ವಾಸನೆ ಇನ್ನೂ ಹೋಗಿಲ್ಲ. ಅವತ್ತು ಚುಚ್ಚಿಕೊಳ್ಳುವ ದಿನ. ಅಂಗಡಿಯಲ್ಲೇ ಮುಗಿಸಿಬಿಡಲಿ ಎಂದು ಅವಳ ಲೆಕ್ಕ. ಡಬ್ಬಿ ನೋಡಿ ಇನ್‌ಸ್ಪೆಕ್ಟರು ಇನ್ನೊಂದು ಮಾರು ಹಿಂದೆ ಹಾರಿದರು.

"ಸ್ಯಾಂಪಲ್ ತಂದಿದ್ದೀರಾ? ಮುಚ್ಚಳ ತೆಗೀಬೇಡಿ! ಜೀವಂತ ಇವೆಯಾ?"

ಹೆಂಡತಿ ಮುಚ್ಚಳ ತೆಗೆದು ಪೆನ್ನನ್ನು ಮಂಚದ ಪಕ್ಕದ ಮೇಜಿನ ಮೇಲೆ ಟಕ್ಕೆಂದು ಇಟ್ಟಳು. "ಇದೇ ನೋಡಿ ನಿಮ್ಮ ತಿಗಣೆ. ವಾರಕ್ಕೊಂದು ಕಚ್ಚುತ್ತೆ."

ಈಗ ವಾದ ಶುರುವಾಯಿತು. ಷಡ್ಡಕ ಟಾರ್ಚು ಹಿಡಿದು ಹಾಸಿಗೆಯ ಮೂಲೆ ಮೂಲೆ ಹುಡುಕಿದ. ಒಂದೂ ಸಿಗಲಿಲ್ಲ. ಇಲ್ಲ ಎಂದು ಒಪ್ಪಿಕೊಂಡರೆ ಕಸುಬಿಗೆ ಅವಮಾನ. ಹಾಗಾಗಿ, "ಕಾಣದೇ ಇರೋದೇ ಅವುಗಳ ಬುದ್ಧಿವಂತಿಕೆ ಸಾರ್," ಎಂದ. ಇನ್‌ಸ್ಪೆಕ್ಟರು ಪೆನ್ನಿನ ಮೇಲಿದ್ದ ಅಕ್ಷರಗಳನ್ನು ದೂರದಿಂದಲೇ ಓದಲು ಯತ್ನಿಸಿದರು. ಅಷ್ಟರಲ್ಲಿ ಯಜಮಾನರ ಮೂಗು ಸ್ವಲ್ಪ ತೆರೆಯಿತು.

"ಆಯ್ತಪ್ಪಾ, ಇಂಜೆಕ್ಷನ್ನೇ ಅನ್ನು. ಹಾಗಾದ್ರೆ ಅದನ್ನ ನಿಲ್ಲಿಸು. ದದ್ದು ಹೋಗುತ್ತೆ, ಮಲಗು. ಜನರ ಕಣ್ಣಿಗೆ ಕೆಂಪಗೆ ಕಂಡ್ರೆ ನನ್ನ ವ್ಯಾಪಾರ ನಿಂತುಹೋಗುತ್ತೆ."

ಪೌಡರಣ್ಣ ಎರಡು ಹೆಜ್ಜೆ ಮುಂದೆ ಬಂದ. "ನಿಲ್ಲಿಸಿದ್ರೆ ಹೊಟ್ಟು ಉದುರುತ್ತೆ, ಗೋಡೌನು. ಹಾಕ್ಕೊಂಡ್ರೆ ದದ್ದು ಏಳುತ್ತೆ, ಗೋಡೌನು. ಅಂದ್ರೆ ನನ್ನ ಮೈ ಯಾವ ಕಡೆ ತಿರುಗಿದ್ರೂ ಗೋಡೌನೇ ಏನ್ರೀ ಯಜಮಾನರೇ? ನಿಲ್ಲಿಸಲ್ಲ. ಗೋಡೌನಿಗೂ ಹೋಗಲ್ಲ. ಬೆನ್ನು, ಕೈ, ಕಾಲು ಎಲ್ಲಾ ವಾಪಸ್ ಕೊಟ್ಟಿರೋ ಔಷಧಿ ಇದು. ಹೊಟ್ಟೆ ಮೇಲೆ ನಾಲ್ಕು ಕಡೆ ಕೆಂಪಗೆ ಮಾಡಿದ್ರೆ ಮಾಡ್ಲಿ. ನನ್ನ ಹೊಟ್ಟೆ!"

ನಾನು ಚಪ್ಪಾಳೆ ತಟ್ಟಿದೆ. ಬೇರೆ ಯಾರೂ ತಟ್ಟದ್ದರಿಂದ ನಿಲ್ಲಿಸಿದೆ.

ಇನ್‌ಸ್ಪೆಕ್ಟರು ಗಂಟಲು ಸರಿಪಡಿಸಿಕೊಂಡರು. "ಭಾಷಣ ಸರಿ. ಪುರಾವೆ?"

"ಪುರಾವೆ ತಾನೇ? ನಿಮ್ಮೆದುರೇ ಚುಚ್ಚಿಕೊಳ್ತೀನಿ. ದದ್ದು ಎದ್ದೇ ಏಳುತ್ತೆ. ಕಣ್ಣಾರೆ ನೋಡಿ."

ಅವನು ಗಾಜಿನ ಹಿಂದಿನ ಹಾಸಿಗೆಯ ಮೇಲೆ ಕೂತು ಅಂಗಿ ಮೇಲೆತ್ತಿದ. ಬೀದಿಯ ಜನ ಗಾಜಿಗೆ ಮುತ್ತಿಕೊಂಡರು. ಡಾಕ್ಟರಮ್ಮನ ಬೈಗುಳ ನೆನಪಾಗಿ ಹಳೆಯ ಸಾಲನ್ನು ಬಿಟ್ಟು ಹೊಟ್ಟೆಯ ಇನ್ನೊಂದು ಬದಿಯಲ್ಲಿ ಹೊಸ ಜಾಗ ಹಿಡಿದ. ಹೆಂಡತಿ ಸ್ಪಿರಿಟ್ ಹತ್ತಿಯಿಂದ ಒರೆಸಿದಳು. ಪೆನ್ನು ಒತ್ತಿದ. ಟಕ್ಕೆಂದಿತು. ಇನ್‌ಸ್ಪೆಕ್ಟರು ಕಣ್ಣು ಮುಚ್ಚಿಕೊಂಡರು. ಸರ್ಕಾರದ ಪರವಾಗಿ ಹೆಂಡತಿ ನೋಡಿದಳು.

ಎಲ್ಲರೂ ಕಾದರು.

ಹೊಟ್ಟೆ ತೊಳೆದಿಟ್ಟ ತಟ್ಟೆಯ ಹಾಗೆ ಇತ್ತು. ಇನ್ನೂ ಕಾದರು. ಪೌಡರಣ್ಣ ತನ್ನ ಹೊಟ್ಟೆಯನ್ನು ದುರುಗುಟ್ಟಿಕೊಂಡು ನೋಡಿದ. ಒಂದು ಚುಕ್ಕೆ ಕೆಂಪಿಲ್ಲ.

"ಎಷ್ಟು ಹೊತ್ತಾಯ್ತು?" ಎಂದು ಇನ್‌ಸ್ಪೆಕ್ಟರು ನನ್ನ ಕಡೆ ತಿರುಗಿದರು. ಗಡಿಯಾರದವನಲ್ಲವೇ. ಸರಿಯಾದ ಸಮಯ ಬೇಕಾದವರು ಗಡಿಯಾರ ರಿಪೇರಿಯವನನ್ನು ಕೇಳಬಾರದು ಎಂದು ನಾನು ಅವರಿಗೆ ವಿನಯವಾಗಿ ಹೇಳಿದೆ.

ಆಗ ಹೆಂಡತಿ ಹಣೆ ಚಚ್ಚಿಕೊಂಡಳು. "ಅಯ್ಯೋ ನಿಮ್ಮ! ಇಷ್ಟು ಹೊತ್ತು ಜಗಳ ಆಡಿದ್ದಕ್ಕೆ ಪೆನ್ನು ತಣುಪು ಬಿಟ್ಟು ಹದಕ್ಕೆ ಬಂತು ಕಣ್ರೀ. ಜಾಗಾನೂ ಬದಲಿಸಿದ್ರಿ. ಮೊದಲ ಸಲ ಡಾಕ್ಟ್ರು ಹೇಳಿದ ಹಾಗೇ ಹಾಕ್ಕೊಂಡಿದ್ದೀರಿ!"

ಹೀಗೆ, ಪೌಡರಣ್ಣ ತನ್ನ ಜೀವಮಾನದಲ್ಲಿ ಒಂದು ಕೆಲಸವನ್ನು ಸರಿಯಾಗಿ ಮಾಡಿದ್ದು ಅದು ಸರಿಯಾಗಬಾರದಾಗಿದ್ದ ದಿನ.

"ದದ್ದು ಏಳಲಿಲ್ಲ," ಎಂದರು ಇನ್‌ಸ್ಪೆಕ್ಟರು. "ಅಂದ್ರೆ ಆ ಕಡೆ ಇರೋದು ತಿಗಣೆ ಕಚ್ಚಿದ್ದೇ."

"ನಾನು ಹೇಳಲಿಲ್ವಾ?" ಎಂದರು ಪೋಸ್ಟ್‌ಮಾಸ್ಟರು. ಷಡ್ಡಕ ಟ್ಯಾಂಕಿನ ಪಂಪು ಒತ್ತಲು ಶುರುಮಾಡಿದ. ಯಜಮಾನರು ಗೋಡೌನಿನ ಬೀಗದ ಕೈ ತೆಗೆದರು.

ಬೀಗದ ಕೈ ಸದ್ದಿಗೆ ಪೌಡರಣ್ಣ ತಲೆಯೆತ್ತಿದ. ಎದ್ದು ಹೋಗುತ್ತಾನೆ ಎಂದು ನಾನು ತಿಳಿದೆ. ಅವನು ಕಾಲು ಮೇಲೆ ಹಾಕಿಕೊಂಡ, ದಿಂಬು ಸರಿಮಾಡಿಕೊಂಡ, ಅಂಗಿಯನ್ನು ಕೆಳಗೆಳೆಯದೆ ಹಾಗೆಯೇ ಅಂಗಾತ ಬಿದ್ದುಕೊಂಡ.

"ಸಾಹೇಬ್ರೇ, ದದ್ದು ನನ್ನದು. ತಿಗಣೆ ಯಾರದು? ನೀವೇ ಹುಡುಕಿ. ನಾನಂತೂ ಇಲ್ಲೇ ಮಲಗಿರ್ತೀನಿ. ಹೊಟ್ಟೆ ತೆರೆದಿದೆ. ಈ ಹಾಸಿಗೇಲಿ ಒಂದೇ ಒಂದು ತಿಗಣೆ ಇದ್ರೂ ಬಂದು ಕಚ್ಚಲಿ. ಕಚ್ಚೋವರೆಗೂ ಏಳಲ್ಲ."

"ಏಳೋ!" ಎಂದರು ಯಜಮಾನರು.

"ಏಳಲ್ಲ."

"ಹೊದ್ದುಕೊಂಡಾದ್ರೂ ಮಲಗೋ!"

"ಹೊದಿಯಲ್ಲ."

ಯಜಮಾನರು ಒಂದು ಕಾಲು ಹಿಡಿದು ಎಳೆದರು. ಷಡ್ಡಕ ಇನ್ನೊಂದು ಕಾಲು ಹಿಡಿದ. ಹೆಂಡತಿ ಹಾಸಿಗೆಯ ತಲೆಯ ಕಡೆ ನಿಂತು, "ಮುಟ್ಟಿದ್ರೆ ನೋಡಿ," ಎಂದಳು. ಎರಡೂ ಕಾಲುಗಳು ಹಾಸಿಗೆಗೆ ವಾಪಸಾದವು. ಬೇರೇನೂ ದಾರಿ ಕಾಣದೆ ಇನ್‌ಸ್ಪೆಕ್ಟರು ಒಂದು ಸ್ಟೂಲು ತರಿಸಿ ಕೂತರು. ಕೂತು ಹೊಟ್ಟೆಯನ್ನು ಕಾವಲು ಕಾದರು. ಸರ್ಕಾರಿ ಸೇವೆಯಲ್ಲಿ ಅದಕ್ಕಿಂತ ಕಷ್ಟದ ಕೆಲಸ ಅವರು ಮಾಡಿರಲಿಕ್ಕಿಲ್ಲ.

ಆಮೇಲೆ ನಡೆದದ್ದನ್ನು ಮೊದಲು ಗಮನಿಸಿದವನು ನಾನು. ಅವನ ಕೈ ಎದೆಯಿಂದ ಪಕ್ಕಕ್ಕೆ ಜಾರಿತು. ಬಾಯಿ ಸ್ವಲ್ಪ ತೆರೆಯಿತು. ಯಜಮಾನರ ತರಬೇತಿಯ ತೃಪ್ತಿಯ ಮುಖ ಕಳಚಿಬಿದ್ದು ಅವನದೇ ಮುಖ ಉಳಿಯಿತು. ಗೊರಕೆ ಶುರುವಾಯಿತು.

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಹಗಲು ಹೊತ್ತಿನಲ್ಲಿ, ಕೆರೆದುಕೊಳ್ಳದೆ ಮಲಗಿದ್ದಾರೆ ನೋಡಿ," ಎಂದು ನನಗೆ ಪಿಸುಗುಟ್ಟಿದಳು. ಅವಳ ಕಣ್ಣು ತುಂಬಿತ್ತು. ನನ್ನದೂ ತುಂಬಿತು, ಸುಳ್ಳೇಕೆ ಹೇಳಲಿ. ಬೈಯುತ್ತಿದ್ದ ಇಸ್ತ್ರಿಯವನು ದನಿ ತಗ್ಗಿಸಿದ. ಗಾಜಿನ ಆಚೆ ಜನ ಒಬ್ಬರಾದ ಮೇಲೆ ಒಬ್ಬರು ಆಕಳಿಸಿದರು. ಕೊನೆಗೆ ಸ್ಟೂಲಿನ ಮೇಲೆ ಇನ್‌ಸ್ಪೆಕ್ಟರೂ ಆಕಳಿಸಿ, ಎದ್ದು ನಿಂತು, "ತಿಗಣೆ ಇರೋ ಹಾಸಿಗೇಲಿ ಹೀಗೆ ನಿದ್ದೆ ಬರೋದಿಲ್ಲ," ಎಂದು ತೀರ್ಪು ಕೊಟ್ಟು ಜೀಪು ಹತ್ತಿದರು. ಷಡ್ಡಕ ಟ್ಯಾಂಕು ಹೊತ್ತುಕೊಂಡು ಬೇರೆ ನೆಂಟರ ಮನೆ ಹುಡುಕಿಕೊಂಡು ಹೋದ.

ಜೀಪು ತಿರುವಿನಲ್ಲಿ ಮರೆಯಾದ ಮೇಲೆ ನಾನು ಹೊಟ್ಟೆಯ ಕಡೆ ನೋಡಿದೆ. ಬಂದಿತ್ತು ಮಹಾರಾಯ! ಹೊಸ ಜಾಗದಲ್ಲಿ ತೆಳ್ಳಗೆ, ಗುಂಡಗೆ, ಕೆಂಪಗೆ. ಊಟ ಮುಗಿದು ಎಲೆ ಎತ್ತಿದ ಮೇಲೆ ಬರುವ ನೆಂಟನ ಹಾಗೆ. ಪೋಸ್ಟ್‌ಮಾಸ್ಟರನ್ನು ಕರೆದು ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, ಒಂದು ಸೀನು ಸೀನಿ, "ಇದನ್ನ ನಾನು ಯಾರಿಗೂ ಹೇಳಲ್ಲ," ಎಂದರು. ಅವರು ಹಾಗೆಂದದ್ದು ಅದೇ ಮೊದಲು.

ಆ ಹೊತ್ತಿಗೆ ಗಂಡ ಹೆಂಡತಿ ಇಬ್ಬರು ಬಾಗಿಲು ತಳ್ಳಿಕೊಂಡು ಒಳಗೆ ಬಂದರು. ಬೀದಿಯಲ್ಲಿ ಹೋಗುತ್ತಿದ್ದವರು ಗಾಜಿನ ಮುಂದೆ ನಿಂತು ಮಲಗಿದವನನ್ನು ಬಹಳ ಹೊತ್ತು ನೋಡಿದ್ದರು. ಇಬ್ಬರ ಕಣ್ಣಿನ ಕೆಳಗೂ ಕಪ್ಪು.

"ಇವರು ಮಲಗಿರೋ ಅಂಥದ್ದೇ ಹಾಸಿಗೆ ಬೇಕ್ರೀ," ಎಂದಳು ಆ ಹೆಂಗಸು. ಆಮೇಲೆ ಹಿಂಜರಿದು, "ಹೊಟ್ಟೆ ಮೇಲೆ ಅದೇನು ಕೆಂಪಗೆ?" ಎಂದಳು.

ಯಜಮಾನರು ಬಾಯಿ ತೆರೆದರು. ಪೌಡರಣ್ಣನ ಹೆಂಡತಿ ಮುಂದೆ ಬಂದಳು. "ಅದು ನಮ್ಮದು ತಾಯಿ, ಇಂಜೆಕ್ಷನ್ ದದ್ದು. ಹಾಸಿಗೆ ಜೊತೆ ಬರಲ್ಲ."

ಆ ಹೆಂಗಸು ನಕ್ಕಳು. ಗಂಡ ಹಾಸಿಗೆ ಒತ್ತಿಯೂ ನೋಡದೆ ಒಪ್ಪಿಕೊಂಡ. ಯಜಮಾನರ ಮುಖ ಅರಳಿತು. ಅವರು ಮಂಚದ ಹತ್ತಿರ ಹೋಗಿ ಪೌಡರಣ್ಣನ ಭುಜ ಅಲುಗಿಸಿದರು.

"ಏಯ್, ಏಳೋ. ಗಿರಾಕಿ ಬಂದಿದ್ದಾರೆ. ಹೊಸ ಹಾಸಿಗೆ ತರಬೇಕು."

ಅವನು ಕಣ್ಣು ಬಿಡಲಿಲ್ಲ. ಎಡಮಗ್ಗುಲಿಗೆ ಹೊರಳಿಕೊಂಡ.

"ಗೋಡೌನಿನಲ್ಲಿದೆ ಯಜಮಾನರೇ," ಎಂದ. "ಬೀಗದ ಕೈ ನಿಮ್ಮ ಕೈಲೇ ಇದೆಯಲ್ಲ. ಹೋಗಿ ತನ್ನಿ."

ಯಜಮಾನರು ಸೀನಿಕೊಂಡು ಗೋಡೌನಿಗೆ ಹೋದರು.